ಗೋವಾದ ಹಿತ್ತಲಿಗೆ ಮುರುಗಲೋ ಉಪ್ಪಾಗೆಯೋ?

ಫೋಂಡಾ_ಹಿತ್ತಲು:

ಎಲ್ಲರಿಗೂ ನಮಸ್ಕಾರ. ನಮ್ಮೂರು ಶಿರಸಿ ಕಡೆ, ಈಗ ಮನೆ ಮಾಡಿರುವುದು ಫೋಂಡಾ ಹತ್ತಿರ. ಹಿತ್ತಲಲ್ಲಿ ತೆಂಗು, ಕರಿಬೇವು, ಬಾಳೆ ಎಲ್ಲ ಆದ ಮೇಲೆ ಇನ್ನು ಒಂದೇ ಒಂದು ಮರಕ್ಕೆ ಜಾಗ ಉಳಿದಿದೆ. ಹುಳಿಗೆ ಆಗುವಂಥ ಮರ ಹಾಕೋಣ ಅಂತ ಮನೆಯಲ್ಲಿ ಎಲ್ಲರೂ ಒಪ್ಪಿದ್ದೇವೆ. ಯಾವುದು ಅನ್ನುವುದೇ ತಕರಾರು. ಅತ್ತೆಗೆ ಉಪ್ಪಾಗೆಯೇ ಬೇಕು, ದೋಸೆಗೆ ಉಪ್ಪಾಗೆ ಬೀಜದ ತುಪ್ಪ ಹಾಕಿ ತಿಂದು ಬೆಳೆದವರು ಅವರು. ನನಗೆ ಮುರುಗಲು, ಅಂದರೆ ಕೋಕಂ, ಇಷ್ಟ, ಬೇಸಿಗೆಗೆ ಶರಬತ್ತು ಆಗುತ್ತದೆ, ಸಾರಿಗೂ ಆಗುತ್ತದೆ. ಪಕ್ಕದ ಮನೆಯ ಅಜ್ಜಿ ಅಂತೂ ಭಿರಂಡ (ಮುರುಗಲಿಗೆ ಇಲ್ಲಿಯ ಹೆಸರು) ಬಿಟ್ಟು ಬೇರೆ ಯೋಚನೆಯೇ ಬೇಡ ಅನ್ನುತ್ತಾರೆ.

ನೆಲ ಚಿರೆಕಲ್ಲಿನದು (ಜಂಬಿಟ್ಟಿಗೆ), ಮೇಲೆ ಒಂದೆರಡು ಅಡಿ ಕೆಂಪು ಮಣ್ಣು. ಹಿಂದಿನ ಮೂಲೆ ಸ್ವಲ್ಪ ತಗ್ಗು, ಜುಲೈಯಲ್ಲಿ ಅಲ್ಲಿ ನೀರು ನಿಲ್ಲುತ್ತದೆ. ಬೇರಿನಿಂದ ಗೋಡೆಗೆ ತೊಂದರೆ ಆಗುತ್ತದಾ? ಯಾವುದು ಬೇಗ ಕಾಯಿ ಬಿಡುತ್ತದೆ? ಇಲ್ಲಿ ಒಂದು ಕಡೆ ಬೀಜದಿಂದ ಎಬ್ಬಿಸಿದ ಮುರುಗಲು ಸಸಿ ತುಂಬ ಅಗ್ಗಕ್ಕೆ ಸಿಗುತ್ತಿದೆ, ತರಲಾ?

ಕುಳಾಗರದ_ನೆರಳು:

ಬೀಜದ ಸಸಿ ತರಬೇಡಿ. ಮೊದಲು ಅದನ್ನೇ ಹೇಳುತ್ತೇನೆ, ಉಳಿದದ್ದೆಲ್ಲ ಆಮೇಲೆ.

ಮುರುಗಲಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಬಂದದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಗಂಡೇ ಆಗುತ್ತವೆ. ಸಸಿ ನೋಡಿ ಇದು ಯಾವುದು ಅಂತ ಹೇಳಲು ಆಗುವುದಿಲ್ಲ, ಎಲೆ ಒಂದೇ, ಕೆಂಪು ಚಿಗುರು ಒಂದೇ, ಆಕಾರವೂ ಒಂದೇ. ಹೂ ಬಿಟ್ಟ ಮೇಲೆಯೇ ಗೊತ್ತಾಗುವುದು, ಅದಕ್ಕೆ ಏಳೆಂಟು ವರ್ಷ ಬೇಕು. ಹತ್ತಾರು ಮರ ಹಾಕುವ ತೋಟದವರಿಗೆ ಇದು ದೊಡ್ಡ ವಿಷಯ ಅಲ್ಲ. ಆದರೆ ಒಂದೇ ಮರಕ್ಕೆ ಜಾಗ ಇರುವವರು ಅಷ್ಟು ವರ್ಷ ನೀರು ಹಾಕಿ ಸಾಕಿ, ಕೊನೆಗೆ ಗಂಡು ಅಂತ ಗೊತ್ತಾದರೆ ಏನು ಮಾಡುವುದು ಹೇಳಿ. ಗೋವಾದಲ್ಲಿ 1984ರ ಮರ ಸಂರಕ್ಷಣೆ ಕಾನೂನು ಇದೆ, ಬೆಳೆದ ಮರ ಕಡಿಯುವುದಕ್ಕೆ ಅನುಮತಿ ಕೇಳಬೇಕು.

ಅದಕ್ಕೇ ಕಸಿ ಗಿಡ. ಹೆಣ್ಣು ಮರದ ಕಡ್ಡಿ ತೆಗೆದು ಕಟ್ಟಿರುತ್ತಾರೆ, ಹೆಣ್ಣೇ ಬರುತ್ತದೆ, ನಾಲ್ಕೈದು ವರ್ಷಕ್ಕೆ ಕಾಯಿ ಶುರು. ದಾಪೋಲಿಯ ಕೃಷಿ ವಿಶ್ವವಿದ್ಯಾಲಯದ ಕೊಂಕಣ ಅಮೃತಾ, ಕೊಂಕಣ ಹಾತಿಸ್ ಅನ್ನುವ ತಳಿಗಳಿವೆ. ನಿಮಗೆ ಹತ್ತಿರ ಅಂದರೆ ಹಳೆ ಗೋವಾದ ಎಲಾದಲ್ಲಿರುವ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ, ಅಲ್ಲಿ ವಿಚಾರಿಸಿ. ಪರಾಗಕ್ಕೆ ಸುತ್ತಮುತ್ತ ಎಲ್ಲಾದರೂ ಒಂದು ಗಂಡು ಮರ ಇರಬೇಕು. ಫೋಂಡಾದಲ್ಲಿ ಅದಕ್ಕೆ ಬರ ಇಲ್ಲ, ಸಾವಯಿ ವೆರೆಂ ಕಡೆಯ ಕುಳಾಗರ ಅನ್ನುವ ತೋಟಗಳಲ್ಲಿ ಅಡಿಕೆ, ತೆಂಗಿನ ನಡುವೆ ಮುರುಗಲು ಇದ್ದೇ ಇರುತ್ತದೆ. ಪಕ್ಕದ ಅಜ್ಜಿಯನ್ನು ಕೇಳಿ, ಅವರ ಹಿತ್ತಲಲ್ಲೇ ಇದ್ದರೂ ಇರಬಹುದು.

ಗೋಡೆ ವಿಷಯ: ಇದು ಆಲ, ಅತ್ತಿಯ ಹಾಗೆ ಗೋಡೆ ಸೀಳುವ ಮರ ಅಲ್ಲ. ಆದರೂ ಹತ್ತು ಹನ್ನೆರಡು ಅಡಿ ದೂರ ಬಿಡಿ, ಕೊಂಬೆಗಳು ಇಳಿಬೀಳುವುದಕ್ಕೆ ಜಾಗ ಬೇಕು.

ಸಿದ್ದಾಪುರ_ಮಡಗಾಂವ್:

ಉಪ್ಪಾಗೆ ಪರವಾಗಿ ಯಾರಾದರೂ ಮಾತಾಡಬೇಕಲ್ಲ, ನಾನೇ ಮಾತಾಡುತ್ತೇನೆ. ನಿಮ್ಮ ಅತ್ತೆ ಹೇಳಿದ್ದರಲ್ಲಿ ಹುರುಳಿದೆ.

ನೀರು ನಿಲ್ಲುವ ಆ ಮೂಲೆಯಲ್ಲಿ ಮುರುಗಲು ಸುಖವಾಗಿ ಇರುವುದಿಲ್ಲ. ಉಪ್ಪಾಗೆ ಇರುತ್ತದೆ. ನಮ್ಮ ಕಡೆ ಹಳ್ಳದ ಬದಿಯಲ್ಲೇ ಜಾಸ್ತಿ ಬೆಳೆಯುವುದು, ಕೇರಳದಲ್ಲೂ ಹೊಳೆದಂಡೆಯಲ್ಲಿ ಬೆಳೆಸುತ್ತಾರೆ. ಹಣ್ಣು ಸಣ್ಣ ಕುಂಬಳದ ಹಾಗೆ ಗೆರೆ ಗೆರೆ, ಹಳದಿ, ನೋಡುವುದಕ್ಕೂ ಚೆಂದ. ಮೀನು ಸಾರಿಗೆ ಕೇರಳದವರು ಹಾಕುವ ಕುಡಂಪುಳಿ ಇದೇ, ಕೊಡಗಿನವರ ಕಪ್ಪು ಹುಳಿರಸ ಕಾಚಂಪುಳಿಯೂ ಇದರದ್ದೇ. ಇನ್ನು ತುಪ್ಪ. ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದಾಗ ಮೇಲೆ ತೇಲುವ ಆ ಜಿಡ್ಡನ್ನು ಸೌಟಿನಲ್ಲಿ ತೆಗೆದು ಆರಿಸಿದರೆ ಗಟ್ಟಿಯಾಗಿ ಕೂರುತ್ತದೆ. ಬಿಸಿ ದೋಸೆ ಮೇಲೆ ಹಾಕಿದ ಕೂಡಲೇ ಕರಗುತ್ತದೆ. ಮುರುಗಲ ಬೀಜದಲ್ಲೂ ತುಪ್ಪ ಬರುತ್ತದೆ ನಿಜ, ಗೋವಾದಲ್ಲಿ ಅದನ್ನು ಒಡೆದ ಹಿಮ್ಮಡಿಗೆ ಹಚ್ಚುತ್ತಾರೆ.

ಇನ್ನೊಂದು ಮಾತು. 1990ರ ದಶಕದಲ್ಲಿ ತೂಕ ಇಳಿಸುವ ಮಾತ್ರೆಗೆ ಅಂತ ಉಪ್ಪಾಗೆ ಸಿಪ್ಪೆಗೆ ಹೊರದೇಶದಿಂದ ಬೇಡಿಕೆ ಬಂತು. ಕಾಡಲ್ಲಿ ಹಣ್ಣಾಗುವ ತನಕ ಕಾಯದೆ, ಕೊಂಬೆಯನ್ನೇ ಕಡಿದು ಕಾಯಿ ಇಳಿಸಿದರು. ಮನೆ ಹಿತ್ತಲಲ್ಲಿ ಒಂದೊಂದು ಉಪ್ಪಾಗೆ ಇದ್ದರೆ ಒಳ್ಳೆಯದು ಅಂತ ನನಗೆ ಅನ್ನಿಸುವುದು ಅದಕ್ಕೂ ಸೇರಿ.

ಕುಳಾಗರದ_ನೆರಳು:

@ಸಿದ್ದಾಪುರ_ಮಡಗಾಂವ್ ಅಕ್ಕ, ನೀರು ನಿಲ್ಲುವ ಜಾಗದ ಮಾತು ಪೂರ್ತಿ ಒಪ್ಪುತ್ತೇನೆ. ತುಪ್ಪದ ಮಾತೂ ಸರಿ. ಆದರೆ ಉಪ್ಪಾಗೆ ಯಾವ ತಿಂಗಳಲ್ಲಿ ಹಣ್ಣಾಗುತ್ತದೆ ಅನ್ನುವುದನ್ನು ಅವರಿಗೆ ಹೇಳಲೇಬೇಕು ಅಲ್ವಾ?

ಮುರುಗಲು ಹಣ್ಣಾಗುವುದು ಏಪ್ರಿಲ್, ಮೇಯಲ್ಲಿ. ಹಣ್ಣು ಒಡೆದು, ಬೀಜ ಮತ್ತು ತಿರುಳು ಬೇರೆ ಮಾಡಿ, ಸಿಪ್ಪೆಯನ್ನು ಅಂಗಳದಲ್ಲಿ ಒಣಹಾಕಿದರೆ ಬಿಸಿಲೇ ಕೆಲಸ ಮುಗಿಸುತ್ತದೆ. ತಿರುಳಿನ ರಸಕ್ಕೆ ಉಪ್ಪು ಹಾಕಿಟ್ಟು, ಸಿಪ್ಪೆಯನ್ನು ಮತ್ತೆ ಮತ್ತೆ ಅದರಲ್ಲಿ ಅದ್ದಿ ಒಣಗಿಸುತ್ತಾ ಹೋದರೆ ಅದು ಕಪ್ಪುಗೆಂಪಾಗಿ, ಮೆತ್ತಗೆ, ಬೆರಳಿಗೆ ಅಂಟುವ ಹಾಗೆ ಆಗುತ್ತದೆ. ಇಲ್ಲಿಯವರು ಸೋಲಾಂ ಅನ್ನುವುದು ಅದಕ್ಕೆ. ಹಾಗೆ ಮಾಡಿದ್ದು ವರ್ಷವಿಡೀ ಕೆಡುವುದಿಲ್ಲ.

ಉಪ್ಪಾಗೆ ಹಣ್ಣಾಗುವುದು ಜೂನ್‌ನಿಂದ ಆಗಸ್ಟ್, ಸರಿಯಾಗಿ ಜಡಿಮಳೆಯಲ್ಲಿ. ಬಿಸಿಲಿಗೆ ಒಣಗಿಸುವ ಮಾತೇ ಇಲ್ಲ. ಊರಲ್ಲಿ ಒಲೆ ಮೇಲಿನ ಅಟ್ಟದಲ್ಲಿ, ಹೊಗೆಯಲ್ಲಿ ಒಣಗಿಸುತ್ತಾರೆ, ರಾಶಿ ರಾಶಿ ಕಟ್ಟಿಗೆ ಬೇಕು. ಗ್ಯಾಸ್ ಒಲೆಯ ಮನೆಯಲ್ಲಿ ಏನು ಮಾಡುತ್ತೀರಿ? ಒಂದೆರಡು ದಿನ ತಡವಾದರೂ ಬೂಷ್ಟು ಬರುತ್ತದೆ. ಮನೆ ಮಟ್ಟಕ್ಕೆ ಮರ ಆರಿಸುವಾಗ ರುಚಿಗಿಂತ ಮೊದಲು ನೋಡಬೇಕಾದ್ದು ಇದನ್ನೇ ಅಂತ ನನ್ನ ಅಭಿಪ್ರಾಯ.

ಜೊತೆಗೆ ಉಪ್ಪಾಗೆಯಲ್ಲೂ ಗಂಡು ಹೆಣ್ಣಿನ ತಾಪತ್ರಯ ಇದ್ದೇ ಇದೆ. ಬೀಜದಿಂದ ಬಂದ ಗಿಡ ಕಾಯಿ ಬಿಡಲು ಮುರುಗಲಿಗಿಂತ ತಡ. ಬೀಜ ಮೊಳೆಯುವುದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ.

ಕಸಿಚಾಕು:

ಕಸಿ ಕಟ್ಟುವ ಕೆಲಸದಲ್ಲಿ ಇರುವವನು, ಹಾಗಾಗಿ ಒಂದು ವಿಷಯ ಹೇಳುತ್ತೇನೆ. ಕಸಿ ಗಿಡ ಅಂದ ಕೂಡಲೇ ಎಲ್ಲವೂ ಒಂದೇ ಅಲ್ಲ.

ಮುರುಗಲಲ್ಲಿ ನೆಟ್ಟಗೆ ಮೇಲಕ್ಕೆ ಹೋಗುವ ಚಿಗುರು ಬೇರೆ, ಪಕ್ಕಕ್ಕೆ ಹೋಗುವ ಚಿಗುರು ಬೇರೆ. ನೆಟ್ಟಗಿನ ಚಿಗುರಿನ ಕಡ್ಡಿ ಕಟ್ಟಿದರೆ ಮರ ಗೋಪುರದ ಆಕಾರಕ್ಕೆ ಎದ್ದು ನಿಲ್ಲುತ್ತದೆ. ಪಕ್ಕದ ಕೊಂಬೆಯ ಕಡ್ಡಿ ಕಟ್ಟಿದರೆ ಗಿಡ ಪಕ್ಕಕ್ಕೇ ಹರಡುತ್ತದೆ, ಎಷ್ಟು ವರ್ಷ ಆದರೂ ಮೇಲೆ ಏಳುವುದಿಲ್ಲ. ಪಕ್ಕದ ಕಡ್ಡಿ ಸಿಗುವುದು ಸುಲಭ, ಒಂದು ಮರದಲ್ಲಿ ಎಷ್ಟು ಬೇಕಾದರೂ ಇರುತ್ತದೆ, ಅದಕ್ಕೇ ಮಾರುಕಟ್ಟೆಗೆ ಅಂಥ ಗಿಡವೂ ಬರುತ್ತದೆ. ತರುವಾಗ ಕಸಿಯ ಗಂಟಿನ ಮೇಲಿನ ಭಾಗ ನೋಡಿ. ಕಾಂಡ ನೇರ ಇದ್ದು, ಸುತ್ತಲೂ ಜೋಡಿ ಜೋಡಿ ಕೊಂಬೆ ಒಡೆಯುತ್ತಿದ್ದರೆ ಅದು ನೆಟ್ಟಗಿನದು. ಒಂದೇ ಕಡೆಗೆ ವಾಲಿ ಹೋಗುತ್ತಿದ್ದರೆ ಇನ್ನೊಂದು. ವಾಲಿದ್ದೂ ಹೆಣ್ಣೇ, ಕಾಯಿ ಬಿಡುತ್ತದೆ, ಕೈಗೆಟಕುವ ಎತ್ತರದಲ್ಲೇ ಕೊಯ್ಯಬಹುದು ಅಂತ ಕೆಲವರು ಬೇಕೆಂದೇ ಕೇಳುತ್ತಾರೆ. ಆದರೆ ನೆಲದ ಜಾಗ ತಿನ್ನುತ್ತದೆ, ನಿಮ್ಮ ಹಿತ್ತಲಿಗೆ ಬೇಡ.

ನೆಡುವಾಗ ಗಂಟು ಮಣ್ಣಿನ ಮೇಲೆ ಇರಲಿ. ಪ್ಲಾಸ್ಟಿಕ್ ಪಟ್ಟಿ ಇನ್ನೂ ಇದ್ದರೆ ಬ್ಲೇಡಿನಿಂದ ಬಿಡಿಸಿ, ಇಲ್ಲದಿದ್ದರೆ ಕಾಂಡ ದಪ್ಪವಾದಂತೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಗಂಟಿನ ಕೆಳಗಿಂದ ಬರುವ ಚಿಗುರನ್ನೆಲ್ಲ ಆಗಾಗ ಚಿವುಟಿ. ಅದು ಬೀಜದ ಗಿಡದ್ದು, ಬಿಟ್ಟರೆ ಮೇಲಿನದನ್ನು ಮೀರಿಸಿ ಬೆಳೆಯುತ್ತದೆ, ಕೆಲವು ವರ್ಷ ಕಳೆದ ಮೇಲೆ ನೀವು ಸಾಕುತ್ತಿರುವುದು ಯಾವ ಗಿಡ ಅಂತಲೇ ಗೊತ್ತಾಗುವುದಿಲ್ಲ. ಮೊದಲ ಎರಡು ಬೇಸಿಗೆ ತೆಂಗಿನ ಗರಿಯ ನೆರಳು ಬೇಕೇ ಬೇಕು.

ಫೋಂಡಾ_ಹಿತ್ತಲು:

ಎಲ್ಲರಿಗೂ ತುಂಬ ಥ್ಯಾಂಕ್ಸ್, ಇಷ್ಟೆಲ್ಲ ಬಿಡಿಸಿ ಹೇಳಿದ್ದಕ್ಕೆ. ಅತ್ತೆಗೆ ಎಲ್ಲ ಓದಿ ಹೇಳಿದೆ. ಒಣಗಿಸುವ ಮಾತು ಬಂದಾಗ ಅವರೇ "ಹೌದು, ಮಳೆಗಾಲ ಪೂರ್ತಿ ಅಟ್ಟದ ಕೆಳಗೆ ಬೆಂಕಿ ಆರುತ್ತಿರಲಿಲ್ಲ" ಅಂದರು. ಹಾಗಾಗಿ ಗಟ್ಟಿ ನೆಲದ ಕಡೆ ಮುರುಗಲು ಕಸಿ ಅಂತ ತೀರ್ಮಾನ ಆಯಿತು. ಈಗ ಒಂದೇ ಪ್ರಶ್ನೆ. ಆ ತಗ್ಗಿನ ಮೂಲೆಯಲ್ಲಿರುವ ಬಾಳೆ ಹೇಗೂ ಸೊರಗುತ್ತಿದೆ. ಅದನ್ನು ತೆಗೆದು ಅಲ್ಲಿ ಒಂದು ಉಪ್ಪಾಗೆ ಹಾಕಬಹುದಾ? ಸಿಪ್ಪೆ ಹೋದರೆ ಹೋಗಲಿ, ತುಪ್ಪಕ್ಕೆ ಬೀಜ ಸಿಕ್ಕರೆ ಸಾಕು ಅನ್ನುತ್ತಿದ್ದಾರೆ ಅತ್ತೆ.

ಸಿದ್ದಾಪುರ_ಮಡಗಾಂವ್:

ಹಾಕಿ, ಖಂಡಿತ ಹಾಕಿ! ಬೀಜ ಒಣಗಿಸುವುದು ಸಿಪ್ಪೆಯಷ್ಟು ಕಷ್ಟ ಅಲ್ಲ. ತೊಳೆದು ಒಳಗೇ ಗಾಳಿಗೆ ಹರಡಿಟ್ಟು, ಮಳೆ ಹೊಳವಾದಾಗ ಬಿಸಿಲಿಗೆ ಹಾಕಿದರೆ ಆಯಿತು. ಇದಕ್ಕೂ ಕಸಿ ಗಿಡವನ್ನೇ ತನ್ನಿ, ಕೇರಳ ಕೃಷಿ ವಿಶ್ವವಿದ್ಯಾಲಯದ ಅಮೃತಂ, ಹರಿತಂ ಅನ್ನುವ ತಳಿಗಳಿವೆ. ಎರಡು ಮರದ ನಡುವೆ ಇಪ್ಪತ್ತು ಅಡಿ ಬಿಡುವಷ್ಟು ಜಾಗ ಇದೆಯಾ ಅಂತ ಮೊದಲು ಅಳೆದು ನೋಡಿ. ಉಪ್ಪಾಗೆ ಮುರುಗಲಿಗಿಂತ ದೊಡ್ಡದಾಗುತ್ತದೆ, ಸೆಪ್ಟಿಕ್ ಟ್ಯಾಂಕ್ ಆ ಕಡೆ ಇದ್ದರೆ ಬೇಡ.

ಕಸಿಚಾಕು:

ಎರಡನ್ನೂ ಜೂನ್ ಮೊದಲ ಮಳೆ ಹದವಾಗಿ ಬಿದ್ದ ಮೇಲೆ ನೆಡಿ. ಗುಂಡಿ ಈಗಲೇ ತೋಡಿಸಿ ಬಿಸಿಲಿಗೆ ಬಿಡಿ, ಎರಡಡಿ ಅಗಲ, ಎರಡಡಿ ಆಳ. ಚಿರೆಕಲ್ಲು ಸಿಕ್ಕರೆ ಹಾರೆಯಲ್ಲಿ ತಳ ಒಡೆಸಿ, ಸುಮ್ನೆ ಹಾಗೇ ಮಣ್ಣು ತುಂಬಿದರೆ ಗುಂಡಿಯಲ್ಲೇ ನೀರು ನಿಂತು ಮುರುಗಲು ಕೊಳೆಯುತ್ತದೆ.

ಫೋಂಡಾ_ಹಿತ್ತಲು:

ಟ್ಯಾಂಕ್ ಮುಂದಿನ ಕಡೆ ಇದೆ, ತೊಂದರೆ ಇಲ್ಲ. ಅಳತೆ ಹಿಡಿದೆ, ಇಪ್ಪತ್ತು ಅಡಿಗೆ ಸ್ವಲ್ಪ ಜಾಸ್ತಿಯೇ ಸಿಗುತ್ತದೆ. ಗುಂಡಿ ತೋಡುವವರು ಭಾನುವಾರ ಬರುತ್ತಾರೆ.