ಮೇಲಿನ ಮಹಡಿಯಲ್ಲಿ ನೀರು ಸಣ್ಣಗೆ, ಗೀಸರ್ ಕಡೆ ಇನ್ನೂ ಸಣ್ಣಗೆ: ಬೂಸ್ಟರ್ ಪಂಪ್ ಹಾಕಿಸಬೇಕೇ?

ಮಹಡಿಮನೆ:
ಎರಡು ಅಂತಸ್ತಿನ ಮನೆ. ತಾರಸಿಯಲ್ಲಿ 1 ಮೀಟರ್ ಎತ್ತರದ ಕಟ್ಟೆ, ಅದರ ಮೇಲೆ 1000 ಲೀಟರ್ ಪ್ಲಾಸ್ಟಿಕ್ ಟ್ಯಾಂಕ್. ಟ್ಯಾಂಕಿನಿಂದ 1 ಇಂಚಿನ ಸಿಪಿವಿಸಿ (ಬಿಸಿನೀರನ್ನೂ ತಾಳುವ ಪ್ಲಾಸ್ಟಿಕ್) ಲೈನ್ ಇಳಿಯುತ್ತದೆ, ಬಾತ್‌ರೂಮಿಗೆ ಮುಕ್ಕಾಲು ಇಂಚು, ನಲ್ಲಿಗಳಿಗೆ ಅರ್ಧ ಇಂಚು. ಟ್ಯಾಂಕಿನ ಬುಡದಲ್ಲಿ ಹಿತ್ತಾಳೆಯ ಗೇಟ್ ವಾಲ್ವ್, ಅದರ ಪಕ್ಕದಲ್ಲೇ ಮೇಲಕ್ಕೆ ಹೋದ ಏರ್ ಪೈಪ್. ಟ್ಯಾಂಕ್ ತೊಳೆಸಿದ ದಿನದಿಂದ ಮಹಡಿಯ ಬಾತ್‌ರೂಮಿನಲ್ಲಿ ನೀರು ಸಣ್ಣಗೆ ಬರುತ್ತಿದೆ, ಶವರ್ ಹನಿಯುತ್ತದೆ ಅಷ್ಟೇ. ಬಿಸಿನೀರಂತೂ ನೂಲಿನಷ್ಟು. ಕೆಳಗಿನ ಮನೆಯಲ್ಲಿ ಸರಿಯಾಗೇ ಇದೆ. ಅರ್ಧ ಎಚ್‌ಪಿ ಬೂಸ್ಟರ್ ಪಂಪ್ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಿದ್ದಾರೆ. ಹಾಕಿಸಲೇ?

ಅರ್ಧಇಂಚು:
ಟ್ಯಾಂಕ್ ಪೂರ್ತಿ ಖಾಲಿಯಾಗಿ ಮತ್ತೆ ತುಂಬಿದೆ ಎಂದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು. ಕೆಳಗಿನ ಎಲ್ಲ ನಲ್ಲಿಗಳನ್ನು ಪೂರ್ತಿ ತೆರೆದು ಹತ್ತು ನಿಮಿಷ ಬಿಡಿ. ಲೈನ್ ಎಲ್ಲಾದರೂ ಮೇಲೆದ್ದು ಮತ್ತೆ ಇಳಿದಿದ್ದರೆ ಗಾಳಿ ಕೂರುವುದು ಆ ಗೂನಿನಲ್ಲೇ.

ನೀರುಗಂಟಿ:
ಗಾಳಿಯೂ ಇರಬಹುದು, ಆದರೆ ಅಳೆಯದೆ ಹೇಳುವುದು ಬೇಡ. ಪಂಪಿನ ಮಾತು ಸದ್ಯಕ್ಕೆ ಪಕ್ಕಕ್ಕಿಡಿ. 10 ಲೀಟರ್ ಬಕೆಟ್ ಮತ್ತು ಮೊಬೈಲಿನ ಸ್ಟಾಪ್‌ವಾಚ್ ಸಾಕು. ಬೇರೆ ಯಾವ ನಲ್ಲಿಯೂ ತೆರೆದಿರದ ಹೊತ್ತಿನಲ್ಲಿ ಇವಿಷ್ಟನ್ನು ಬರೆದಿಟ್ಟುಕೊಳ್ಳಿ:

1. ಕೆಳಗಿನ ಬಾತ್‌ರೂಮಿನ ನಲ್ಲಿ, ತಣ್ಣೀರು: ಬಕೆಟ್ ತುಂಬಲು ಎಷ್ಟು ಸೆಕೆಂಡು?
2. ಮಹಡಿಯ ನಲ್ಲಿ, ತಣ್ಣೀರು. ಆಮೇಲೆ ಅದೇ ನಲ್ಲಿಯಲ್ಲಿ ಬಿಸಿನೀರು.
3. ಮಹಡಿಯ ನಲ್ಲಿ ಅರ್ಧ ಗಂಟೆ ಮುಚ್ಚಿದ್ದು ತೆರೆದಾಗ ಧಾರೆ ಮೊದಲಿನಿಂದಲೇ ಸಣ್ಣಗಿದೆಯೋ, ಜೋರಾಗಿ ಬಂದು ಆಮೇಲೆ ಸೊರಗುತ್ತದೆಯೋ?
4. ಮಹಡಿಯ ನಲ್ಲಿ ಓಡುತ್ತಿರುವಾಗ ಕೆಳಗೊಬ್ಬರು ನಲ್ಲಿ ತೆರೆದರೆ ಮೇಲೆ ಏನಾಗುತ್ತದೆ?

ವಾಶ್‌ಬೇಸಿನ್ ನಲ್ಲಿಯಲ್ಲಿ ಅಳೆಯಬೇಡಿ. ಅದರ ತುದಿಯ ಏರೇಟರ್ ಜಾಲರಿಯಲ್ಲಿ ಹೂಳು ಕೂತಿದ್ದರೆ ಲೆಕ್ಕವೇ ತಪ್ಪುತ್ತದೆ. ಟ್ಯಾಂಕ್ ತೊಳೆದ ಮೇಲೆ ಆ ಜಾಲರಿಗಳನ್ನು ಹೇಗೂ ಬಿಚ್ಚಿ ತೊಳೆಯಬೇಕು. ಸುಣ್ಣ ಕಟ್ಟಿದ್ದರೆ ವಿನೆಗರಿನಲ್ಲಿ ಅರ್ಧ ಗಂಟೆ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ.

ಮಹಡಿಮನೆ:
ಅಳೆದೆ. ಕೆಳಗೆ 75 ಸೆಕೆಂಡು. ಮಹಡಿಯ ತಣ್ಣೀರು 90 ಸೆಕೆಂಡು, ಬಿಸಿನೀರು 6 ನಿಮಿಷ. ಮೂರನೆಯದಕ್ಕೆ: ಮೊದಲ ನಾಲ್ಕೈದು ಸೆಕೆಂಡು ಜೋರು, ಆಮೇಲೆ ಸೊರಗುತ್ತದೆ, ನಡುನಡುವೆ ಗಾಳಿ ಉಗುಳುತ್ತದೆ. ಕೆಳಗೆ ನಲ್ಲಿ ತೆರೆದರೆ ಮೇಲೆ ನಿಂತೇಹೋಗುತ್ತದೆ.

ನೀರುಗಂಟಿ:
ಕೆಳಗೆ ಸರಿಯಾಗಿದೆ ಎಂದಿರಲ್ಲ, ಅದು ಸರಿಯಿಲ್ಲ. 75 ಸೆಕೆಂಡಿಗೆ 10 ಲೀಟರ್ ಎಂದರೆ ನಿಮಿಷಕ್ಕೆ 8 ಲೀಟರ್. ಮೇಲೆ ಬರುತ್ತಿರುವುದು ಸುಮಾರು 6.7. ಒಂದು ಪೂರ್ತಿ ಮಹಡಿಯ ಎತ್ತರದ ಅನುಕೂಲ ಇರುವ ನಲ್ಲಿಗೂ ಮೇಲಿನದಕ್ಕೂ ಇಷ್ಟೇ ಅಂತರ ಎಂದರೆ, ಎರಡಕ್ಕೂ ನೀರು ಕೊಡುವ ಒಂದೇ ಜಾಗದಲ್ಲಿ ಕುತ್ತಿಗೆ ಹಿಸುಕಿದಂತಾಗಿದೆ.

ಒತ್ತಡಕ್ಕೂ ಹರಿವಿಗೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯ. ನಲ್ಲಿ ಮುಚ್ಚಿರುವಾಗ ಅದರ ಬಾಯಲ್ಲಿರುವ ಒತ್ತಡವನ್ನು ತೀರ್ಮಾನಿಸುವುದು ಟ್ಯಾಂಕಿನ ನೀರಿನ ಮಟ್ಟ ಅದಕ್ಕಿಂತ ಎಷ್ಟು ಮೇಲಿದೆ ಎಂಬುದೊಂದೇ. ಪ್ರತಿ 1 ಮೀಟರಿಗೆ ಸುಮಾರು 0.1 ಬಾರ್. ಪೈಪು ಸಣ್ಣದಿರಲಿ, ಅರ್ಧ ಕಟ್ಟಿಕೊಂಡಿರಲಿ, ಈ ಲೆಕ್ಕ ಬದಲಾಗದು. ನೀರು ಹರಿಯತೊಡಗಿದಾಗಲೇ ಅಡ್ಡಿ ತನ್ನ ಪಾಲನ್ನು ಕಿತ್ತುಕೊಳ್ಳುವುದು. ಹರಿವು ಎರಡರಷ್ಟಾದರೆ ಅದು ತಿನ್ನುವ ಒತ್ತಡ ಹತ್ತಿರಹತ್ತಿರ ನಾಲ್ಕರಷ್ಟು. ಹಾಗಾಗಿ ಒಂದು ನಲ್ಲಿ ತೆರೆದಾಗ ಹೇಗೋ ಬರುವ ನೀರು ಎರಡು ತೆರೆದಾಗ ಮೇಲಿನದಕ್ಕೆ ಕೈಕೊಡುತ್ತದೆ.

ನಾಲ್ಕೈದು ಸೆಕೆಂಡು ಜೋರಾಗಿ ಬರುವ ನೀರು ಏರ್ ಪೈಪಿನದು. ನಲ್ಲಿ ಮುಚ್ಚಿದ್ದಾಗ ಆ ಪೈಪಿನಲ್ಲಿ ಟ್ಯಾಂಕಿನ ಮಟ್ಟದವರೆಗೂ ನೀರು ನಿಂತಿರುತ್ತದೆ. ತೆರೆದ ಕೂಡಲೇ ಆ ಕಂಬ ಇಳಿಯುತ್ತದೆ, ಅದು ಮುಗಿದ ಮೇಲೆ ಟ್ಯಾಂಕಿನಿಂದ ನೀರು ಸಾಕಾಗದೆ ಏರ್ ಪೈಪಿನ ಮೂಲಕ ಗಾಳಿ ಒಳಗೆ ಹೋಗುತ್ತದೆ. ನಲ್ಲಿ ಉಗುಳುತ್ತಿರುವುದು ಆ ಗಾಳಿಯನ್ನೇ. ಹಳೆಯ ಗಾಳಿ ಗೂನಿನಲ್ಲಿ ಸಿಕ್ಕಿಕೊಂಡಿದ್ದರೆ ಧಾರೆ ಮೊದಲ ಕ್ಷಣದಿಂದಲೇ ಸಣ್ಣಗಿರುತ್ತಿತ್ತು, ಕೆಳಗಿನ ಮನೆಗೆ ಅದರ ಬಿಸಿ ತಟ್ಟುತ್ತಿರಲಿಲ್ಲ.

ಖಾತ್ರಿ ಬೇಕಿದ್ದರೆ ತಾರಸಿಗೆ ಹೋಗಿ, ಕೆಳಗಿನ ನಲ್ಲಿ ಪೂರ್ತಿ ತೆರೆಸಿ, ಏರ್ ಪೈಪಿನ ಬಾಯಿಗೆ ಒದ್ದೆ ಪ್ಲಾಸ್ಟಿಕ್ ಹಾಳೆ ಇಡಿ. ಅದು ಒಳಕ್ಕೆ ಎಳೆದು ಅಂಟಿಕೊಂಡರೆ ಅಡ್ಡಿ ಇರುವುದು ಟ್ಯಾಂಕಿಗೂ ಏರ್ ಪೈಪಿಗೂ ನಡುವೆ. ಅಲ್ಲಿರುವುದು ಗೇಟ್ ವಾಲ್ವ್ ಒಂದೇ. ತೊಳೆಯುವಾಗ ಮುಚ್ಚಿ ಮತ್ತೆ ತೆರೆದಿದ್ದಾರೆ. ವರ್ಷಗಟ್ಟಲೆ ಮುಟ್ಟದ ಗೇಟ್ ವಾಲ್ವಿನಲ್ಲಿ ಆಗುವುದೇ ಇದು: ಒಳಗಿನ ಗೇಟ್ ಕಡ್ಡಿಯಿಂದ ಕಳಚಿ ದಾರಿಗೆ ಅಡ್ಡ ಬೀಳುತ್ತದೆ, ಹೊರಗಿನ ಚಕ್ರ ಮಾತ್ರ ಏನೂ ಆಗದವರಂತೆ ತಿರುಗುತ್ತಿರುತ್ತದೆ.

ಪಂಪ್ ಬೇಡ ಎಂದದ್ದು ಇದಕ್ಕೇ. ಹೀಗೆ ಕಟ್ಟಿಕೊಂಡ ಲೈನಿಗೆ ಪಂಪ್ ಹಾಕಿದರೆ ಅದು ನೀರಿಗಿಂತ ಹೆಚ್ಚು ಗಾಳಿಯನ್ನೇ ಎಳೆದು, ಬಿಸಿಯಾಗಿ, ಸೀಲ್ ಕೆಡಿಸಿಕೊಳ್ಳುತ್ತದೆ.

ಅರ್ಧಇಂಚು:
ಒಪ್ಪಿದೆ, ಗಾಳಿ ಸಿಕ್ಕಿಕೊಂಡದ್ದಲ್ಲ. ವಾಲ್ವ್ ಬದಲಿಸುವುದಾದರೆ ಒಂದೆರಡು ಮಾತು. ಮತ್ತೆ ಗೇಟ್ ವಾಲ್ವ್ ಹಾಕಬೇಡಿ, 1 ಇಂಚಿನ ಫುಲ್ ಬೋರ್ ಬಾಲ್ ವಾಲ್ವ್ ಹಾಕಿ. ಫುಲ್ ಬೋರ್ ಎಂದು ಕೇಳಿಯೇ ತೆಗೆದುಕೊಳ್ಳಿ. ಅಗ್ಗದವುಗಳಲ್ಲಿ ಒಳಗಿನ ತೂತು ಪೈಪಿಗಿಂತ ಕಿರಿದು. ಅದರ ನಂತರ ಒಂದು ಯೂನಿಯನ್ ಇರಲಿ, ಮುಂದಿನ ಸಲ ಪೈಪ್ ಕತ್ತರಿಸದೆ ಬಿಚ್ಚಬಹುದು.

ಟ್ಯಾಂಕಿನ ನೀರನ್ನು ಬಳಸಿ ಇಳಿಸಿ. ಔಟ್‌ಲೆಟ್ ತಳದಿಂದ ತುಸು ಮೇಲಿರುವುದರಿಂದ ಅದರ ಕೆಳಗಿನ ನೀರು ಉಳಿದರೂ ತೊಂದರೆಯಿಲ್ಲ. ಹಳೆಯ ವಾಲ್ವ್ ತಿರುಗಿಸುವಾಗ ಎರಡು ಪೈಪ್ ರೆಂಚ್ ಬೇಕೇ ಬೇಕು. ಒಂದು ಟ್ಯಾಂಕ್ ನಿಪ್ಪಲನ್ನು (ಟ್ಯಾಂಕಿನ ಗೋಡೆಯಿಂದ ಹೊರಬಂದ ತುಂಡು ಪೈಪು) ಅಲುಗದಂತೆ ಹಿಡಿಯಲು, ಇನ್ನೊಂದು ವಾಲ್ವ್ ತಿರುಗಿಸಲು. ಒಂದರಲ್ಲೇ ಬಲ ಹಾಕಿದರೆ ನಿಪ್ಪಲ್ ಟ್ಯಾಂಕಿನ ಗೋಡೆಯಲ್ಲೇ ತಿರುಗಿ ವಾಶರ್ ಹರಿಯುತ್ತದೆ, ಇಲ್ಲವೇ ಗೋಡೆಯೇ ಸೀಳುತ್ತದೆ. ಆಮೇಲೆ ಅದು ವಾಲ್ವಿನ ಕೆಲಸವಲ್ಲ, ಟ್ಯಾಂಕಿನ ಕೆಲಸ.

ಟೆಫ್ಲಾನ್ ಟೇಪನ್ನು ಮರೆಯ (ತಿರುಪಿನ ಗೆರೆಗಳ) ತುದಿ ನಿಮ್ಮ ಕಡೆಗಿರುವಂತೆ ಹಿಡಿದು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಎಳೆದು ಸುತ್ತಿ. ತೆಳು ಟೇಪಾದರೆ 10-12 ಸುತ್ತು. ಉಲ್ಟಾ ಸುತ್ತಿದರೆ ಬಿಗಿಯುವಾಗ ಮುದ್ದೆಯಾಗಿ ಆಚೆ ಬರುತ್ತದೆ. ಪ್ಲಾಸ್ಟಿಕ್ಕಿನ ಒಳಮರೆಗೆ ಹಿತ್ತಾಳೆಯ ಹೊರಮರೆ ತುರುಕಬೇಡಿ, ಬಿಗಿದಷ್ಟೂ ಬಿರುಕು. ಪ್ಲಾಸ್ಟಿಕ್ ಹೊರಮರೆ ಹಿತ್ತಾಳೆಯ ಒಳಮರೆಗೆ ಹೋಗುವಂತೆ ಜೋಡಿಸಿ. ಸಿಪಿವಿಸಿ ಅಂಟಿಸುವುದಿದ್ದರೆ ಪೈಪನ್ನು ನೇರವಾಗಿ ಕತ್ತರಿಸಿ, ಅಂಚಿನ ಜೂಲು ಕೆರೆದು, ಎರಡೂ ಕಡೆ ಸಿಪಿವಿಸಿಯದ್ದೇ ಸಾಲ್ವೆಂಟ್ ಹಚ್ಚಿ, ತೂರಿಸುತ್ತಾ ಕಾಲು ಸುತ್ತು ತಿರುಗಿಸಿ, 30 ಸೆಕೆಂಡು ಒತ್ತಿ ಹಿಡಿಯಿರಿ. ಹಿಡಿಯದಿದ್ದರೆ ಪೈಪು ತಾನಾಗಿ ಹಿಂದಕ್ಕೆ ಜಾರುತ್ತದೆ. ಎಷ್ಟು ಹೊತ್ತು ಒಣಗಬೇಕೆಂದು ಡಬ್ಬಿಯ ಮೇಲೆ ಬರೆದಿರುತ್ತದೆ, ಅಷ್ಟು ಹೊತ್ತು ನೀರು ಬಿಡಬೇಡಿ.

ನೀರುಗಂಟಿ:
ಬಿಸಿನೀರಿನ 6 ನಿಮಿಷ ಬೇರೆಯದೇ ತೊಂದರೆ. ತಣ್ಣೀರು 90 ಸೆಕೆಂಡಿಗೆ ತುಂಬುವಾಗ ಬಿಸಿ ಅದರ ಕಾಲು ಭಾಗ ಬರುತ್ತಿದೆ ಎಂದರೆ ಗೀಸರಿನ ದಾರಿಯಲ್ಲಿ ಇನ್ನೊಂದು ಅಡ್ಡಿ. ಕಲಕಿದ ಹೂಳು ಗೀಸರಿಗೆ ಹೋಗುವ ನೀರನ್ನು ಗೋಡೆಯ ಬಳಿ ಮುಚ್ಚುವ ಆಂಗಲ್ ಕಾಕ್‌ನ ಜಾಲರಿಯಲ್ಲೋ, ಇನ್‌ಲೆಟ್‌ನಲ್ಲಿರುವ ನೀರನ್ನು ಹಿಂದಕ್ಕೆ ಬಿಡದ ನಾನ್ ರಿಟರ್ನ್ ವಾಲ್ವಿನಲ್ಲೋ ಕೂತಿರುತ್ತದೆ.

ಗೋಡೆಯ ಸ್ವಿಚ್ ಆರಿಸಿದರೆ ಸಾಲದು, ಕರೆಂಟ್ ಕಡಿಯುವ ಬೋರ್ಡಿನ ಎಂಸಿಬಿಯನ್ನೇ ಇಳಿಸಿ. ನೀರು ತಣ್ಣಗಾಗುವವರೆಗೆ ಕಾದು ಆಂಗಲ್ ಕಾಕ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದು ಒತ್ತಡ ಇಳಿಸಿ. ಆಮೇಲೆ ಇನ್‌ಲೆಟ್‌ನ ಕನೆಕ್ಷನ್ ಪೈಪ್ ಬಿಚ್ಚಿ. ಅದರ ತುದಿಯನ್ನು ಬಕೆಟಿಗೆ ಹಿಡಿದು ಆಂಗಲ್ ಕಾಕ್ ತೆರೆದು ನೋಡಿ. ಅಲ್ಲೇ ಸಣ್ಣಗೆ ಬಂದರೆ ಜಾಲರಿಯ ತಪ್ಪು. ಅಲ್ಲಿ ಚೆನ್ನಾಗಿ ಬಂದರೆ ಗೀಸರ್ ಕಡೆಯ ವಾಲ್ವಿನದು. ಆ ವಾಲ್ವನ್ನು ಬಿಚ್ಚಿ ತೊಳೆದು, ಬಾಣದ ಗುರುತು ಗೀಸರ್ ಕಡೆಗಿರುವಂತೆ ಮರಳಿ ಹಾಕಿ. ಕೆಲವದರಲ್ಲಿ ಸುರಕ್ಷತಾ ವಾಲ್ವೂ ಅದರಲ್ಲೇ ಸೇರಿರುತ್ತದೆ. ನೀರು ಚೆನ್ನಾಗಿ ಬರಲಿ ಎಂದು ಅದನ್ನು ತೆಗೆದುಹಾಕಿ ನೇರ ಪೈಪ್ ಕೊಡುವವರಿದ್ದಾರೆ. ಒಪ್ಪಲೇಬೇಡಿ, ಥರ್ಮೋಸ್ಟಾಟ್ ಕೆಟ್ಟ ದಿನ ಗೀಸರ್ ಸಿಡಿಯದಂತೆ ಕಾಯುವುದು ಅದೇ.

ಕನೆಕ್ಷನ್ ಪೈಪಿನ ತುದಿಗೆ ಟೆಫ್ಲಾನ್ ಬೇಡ. ಅಲ್ಲಿ ನೀರು ತಡೆಯುವುದು ರಬ್ಬರ್ ವಾಶರ್, ಮರೆಯಲ್ಲ. ಕೈಯಲ್ಲಿ ಬಿಗಿದ ಮೇಲೆ ಸ್ಪ್ಯಾನರಿನಲ್ಲಿ ಕಾಲು ಸುತ್ತು. ಎಲ್ಲ ಮುಗಿದ ಮೇಲೆ ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದ ತುಂಬು ಧಾರೆ ಬರುವವರೆಗೂ ಎಂಸಿಬಿ ಏರಿಸಬೇಡಿ. ನೀರಿಲ್ಲದೆ ಕಾದರೆ ಕಾಯಿಲ್ ಸುಟ್ಟಿತು ಎಂದೇ ಲೆಕ್ಕ. ಇನ್ನು, ಕಾಯುವಾಗ ಸುರಕ್ಷತಾ ವಾಲ್ವಿನಿಂದ ಒಂದಷ್ಟು ಹನಿ ಬಿದ್ದರೆ ಗಾಬರಿ ಬೇಡ. 15 ಲೀಟರ್ ನೀರು 25ರಿಂದ 65 ಡಿಗ್ರಿಗೆ ಕಾದರೆ ಸುಮಾರು ಕಾಲು ಲೀಟರಿನಷ್ಟು ಹಿಗ್ಗುತ್ತದೆ. ಗೀಸರ್ ಆರಿಸಿ ತಣ್ಣಗಾದ ಮೇಲೂ ಹನಿ ನಿಲ್ಲದಿದ್ದರೆ ಆಗ ಅದನ್ನು ಬದಲಿಸಿ.

ಹನಿಲೆಕ್ಕ:
ಇದಕ್ಕೇ ಸೇರಿದ ಇನ್ನೊಂದು ಪ್ರಶ್ನೆ. ಟ್ಯಾಂಕ್ ತೊಳೆದ ಮೇಲೆ ಫ್ಲಶ್ ಟ್ಯಾಂಕಿನಿಂದ ಕಮೋಡಿಗೆ ರಾತ್ರಿಯಿಡೀ ನೀರು ಇಳಿಯುತ್ತಿದೆ. ಇಡೀ ಸೆಟ್ ಬದಲಿಸಬೇಕೇ?

ಅರ್ಧಇಂಚು:
ಮುಚ್ಚಳ ತೆಗೆದು ನೋಡಿ. ನೀರು ಓವರ್‌ಫ್ಲೋ ಕೊಳವೆಯ ಬಾಯಿಯವರೆಗೆ ಏರಿ ಒಳಗೆ ಚೆಲ್ಲುತ್ತಿದ್ದರೆ ತಪ್ಪು ನೀರು ತುಂಬುವ ವಾಲ್ವಿನದು. ತೇಲುವ ಬುರುಡೆಯನ್ನು ತಗ್ಗಿಸಿ, ಮಟ್ಟ ಆ ಬಾಯಿಗಿಂತ 25 ಮಿಲಿಮೀಟರ್ ಕೆಳಗೆ ನಿಲ್ಲಬೇಕು. ಬುರುಡೆಯನ್ನು ಕೈಯಲ್ಲಿ ಎತ್ತಿದರೂ ನೀರು ನಿಲ್ಲದಿದ್ದರೆ ವಾಲ್ವಿನ ವಾಶರಿನಲ್ಲಿ ಮರಳಿದೆ, ಬಿಚ್ಚಿ ತೊಳೆಯಿರಿ.

ಮಟ್ಟ ಸರಿಯಿದ್ದೂ ಇಳಿಯುತ್ತಿದ್ದರೆ ಟ್ಯಾಂಕಿಗೆ ಅಡುಗೆ ಬಣ್ಣ ನಾಲ್ಕು ಹನಿ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡಬೇಡಿ. ಕಮೋಡಿನಲ್ಲಿ ಬಣ್ಣ ಕಂಡರೆ ತಳದ ಸೀಲ್ ವಾಶರ್ ಸೋರುತ್ತಿದೆ. ಅದನ್ನು ತೆಗೆದು ತೊಳೆದು, ಕೂರುವ ಜಾಗವನ್ನು ಬೆರಳಿನಿಂದ ಸವರಿ. ಒಂದು ಮರಳಿನ ಕಣ ಸಾಕು ರಾತ್ರಿಯಿಡೀ ಸೋರಲು. ರಬ್ಬರ್ ಗಟ್ಟಿಯಾಗಿದ್ದರೆ ಅಥವಾ ಅಂಚು ಮಡಚಿಕೊಂಡಿದ್ದರೆ ಆ ವಾಶರ್ ಮಾತ್ರ ಹೊಸದು ಹಾಕಿ, ಸೆಟ್ ಬೇಡ.

ಮಹಡಿಮನೆ:
ಏರ್ ಪೈಪ್ ಹಾಳೆಯನ್ನು ಎಳೆದುಕೊಂಡಿತು. ವಾಲ್ವ್ ಬಿಚ್ಚಿದಾಗ ಗೇಟ್ ಅಡ್ಡ ಬಿದ್ದಿತ್ತು, ಹೊಸ ಬಾಲ್ ವಾಲ್ವ್ ಕೂತಿದೆ. ಗೀಸರಿನ ಆಂಗಲ್ ಕಾಕ್ ಜಾಲರಿಯಲ್ಲಿ ಒಂದು ಚಮಚ ಹೂಳು. ಈಗ ಕೆಳಗೆ 32 ಸೆಕೆಂಡು, ಮೇಲೆ ತಣ್ಣೀರು 45, ಬಿಸಿ 55. ಉಳಿದದ್ದು ಎರಡು: ಶವರ್ ಇನ್ನೂ ಅಷ್ಟಕ್ಕಷ್ಟೇ, ಮತ್ತು ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿ ಮುಚ್ಚಿದರೂ ಹನಿಯುತ್ತದೆ.

ನೀರುಗಂಟಿ:
ಶವರಿನ ವಿಷಯದಲ್ಲಿ ಲೆಕ್ಕವೇ ಹೇಳುತ್ತದೆ. ಟ್ಯಾಂಕಿನ ಮಟ್ಟದಿಂದ ಶವರಿಗೆ ಸುಮಾರು ಎರಡೂವರೆ ಮೀಟರ್, ಅಂದರೆ 0.25 ಬಾರ್. ತಟ್ಟೆಯಗಲದ ಮಳೆ ಶವರ್ ಇಷ್ಟಕ್ಕೆ ಸುರಿಯದು. ಕಡಿಮೆ ಒತ್ತಡದ್ದು ಎಂದು ಬರೆದಿರುವ, ಅಂಗೈಯಗಲದ್ದನ್ನು ಹಾಕಿ. ಶವರ್ ಕತ್ತಿನಲ್ಲಿ ನೀರು ಉಳಿಸುವ ಪ್ಲಾಸ್ಟಿಕ್ ಬಿಲ್ಲೆ ಇದ್ದರೆ ತೆಗೆಯಿರಿ. ಅದರ ಮೇಲೂ ಜೋರು ಬೇಕೆನಿಸಿದರೆ ಈಗ ಪಂಪಿನ ಮಾತಾಡಬಹುದು, ಲೈನ್ ಸ್ವಚ್ಛವಾಗಿದೆ.

ಮಿಕ್ಸರಿನ ಹನಿ ಸೆರಾಮಿಕ್ ಬಿಲ್ಲೆಗಳ ನಡುವೆ ಸಿಕ್ಕ ಮರಳಿನದು. ಬಲವಾಗಿ ಮುಚ್ಚಿದಷ್ಟೂ ಬಿಲ್ಲೆ ಗೀರುತ್ತದೆ, ಆದ್ದರಿಂದ ಹಿಡಿಯನ್ನು ಒತ್ತಬೇಡಿ. ಮೊದಲು ಪೂರ್ತಿ ತೆರೆದು ಬಿಸಿ ತುದಿಯಿಂದ ತಣ್ಣನೆಯ ತುದಿಗೆ ಹತ್ತು ಸಲ ನಿಧಾನವಾಗಿ ಆಡಿಸಿ, ಎಷ್ಟೋ ಸಲ ಅಷ್ಟಕ್ಕೇ ತೊಳೆದುಹೋಗುತ್ತದೆ. ನಿಲ್ಲದಿದ್ದರೆ ಹೊಸ ಬಾಲ್ ವಾಲ್ವ್ ಮುಚ್ಚಿ, ಗೀಸರಿನ ಆಂಗಲ್ ಕಾಕ್ ಮುಚ್ಚಿ, ನಲ್ಲಿ ತೆರೆದು ನೀರು ಇಳಿಸಿ, ನೆಲದ ಜಾಲರಿಗೆ ಬಟ್ಟೆ ತುರುಕಿ. ಹಿಡಿಯ ಸಣ್ಣ ಸ್ಕ್ರೂ ಒಮ್ಮೆ ಅಲ್ಲಿ ಬಿದ್ದರೆ ಸಿಗುವುದಿಲ್ಲ. ಆ ಬಿಲ್ಲೆಗಳಿರುವ ಕಾರ್ಟ್ರಿಜ್ ಎತ್ತಿ ತೊಳೆದು, ಅದರ ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಗಾಡಿಗೆ ಹಾಕುವ ಗ್ರೀಸ್ ಬೇಡ, ರಬ್ಬರ್ ಉಬ್ಬುತ್ತದೆ. ಬಿಲ್ಲೆಯಲ್ಲಿ ಗೀರು ಕಂಡರೆ ಕಾರ್ಟ್ರಿಜ್ ಬದಲಿಸಲೇಬೇಕು. 35 ಮತ್ತು 40 ಮಿಲಿಮೀಟರಿನವು ಕಣ್ಣಿಗೆ ಒಂದೇ ತರಹ ಕಾಣುತ್ತವೆ, ಅಡಿಯ ತೂತುಗಳ ಜಾಗವೂ ಬೇರೆ ಬೇರೆ; ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ.

ಮುಂದಿನ ಸಲ ಟ್ಯಾಂಕ್ ತೊಳೆಯುವಾಗ ಬಾಲ್ ವಾಲ್ವ್ ಮುಚ್ಚಿರಲಿ. ಕೆಸರು ನೀರನ್ನು ಮನೆಯ ಲೈನಿಗೆ ಬಿಡದೆ ತಳದ ವಾಶ್‌ಔಟ್ ಪ್ಲಗ್‌ನಿಂದ ಹೊರಹಾಕಿಸಿ, ಪ್ಲಗ್ ಇಲ್ಲದಿದ್ದರೆ ಮಗ್ಗಿನಲ್ಲಿ ಮೊಗೆಸಿ. ಹೊಸ ನೀರು ತುಂಬಿದ ಮೇಲೆ ಗೀಸರಿನ ಆಂಗಲ್ ಕಾಕ್ ಮುಚ್ಚಿಟ್ಟು, ಮೊದಲು ಕೆಳಗಿನ ಮನೆಯ ಜಾಲರಿಯಿಲ್ಲದ ನಲ್ಲಿಯಲ್ಲಿ ಎರಡು ಬಕೆಟ್ ಹರಿಸಿ, ನೀರು ತಿಳಿಯಾದ ಮೇಲೆ ಉಳಿದವನ್ನು ತೆರೆಯಿರಿ.

ಮಹಡಿಮನೆ:
ಹಿಡಿ ಆಡಿಸಿದ್ದಕ್ಕೇ ಹನಿ ನಿಂತಿತು. ಕಾರ್ಟ್ರಿಜ್ ಬಿಚ್ಚಲಿಲ್ಲ.