ಹೊಸ ಜಾಜ್ ಹುಡುಕುವುದು ಎಲ್ಲಿಂದ? ಆ್ಯಪ್ ಅದದನ್ನೇ ಕೇಳಿಸುತ್ತಿದೆ

ಕ್ಯಾಂಪ್ ಸ್ಯಾಕ್ಸ್, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಮದುವೆ ಬ್ಯಾಂಡಿನಲ್ಲಿ ಆಲ್ಟೋ ಸ್ಯಾಕ್ಸೋಫೋನ್ ನುಡಿಸುತ್ತೇನೆ, 14 ವರ್ಷ ಆಯ್ತು. ಈಗ ಆಷಾಢ, ಮದುವೆ ಇಲ್ಲ. ಹೊರಗೆ ನಮ್ಮ ಬೆಳಗಾವಿ ಮಳೆ, ಬೆಳಗಿನಿಂದ ನಿಂತಿಲ್ಲ. ವರ್ಷದಲ್ಲಿ ನಾನು ಸುಮ್ನೆ ಕೂತು ಕೇಳುವುದು ಈ ದಿನಗಳಲ್ಲೇ.

ಜಾಜ್ ಹುಚ್ಚು ಹಿಡಿಸಿದವರು ನಮ್ಮ ಕ್ಯಾಂಪ್ ಬಡಾವಣೆಯಲ್ಲಿದ್ದ ಗೋವಾದ ಒಬ್ಬ ಅಜ್ಜ. ಅಪ್ಪನ ಗೆಳೆಯರು. ರೀಡ್, ಅಂದರೆ ಸ್ಯಾಕ್ಸ್ ಬಾಯಿಗೆ ಕಟ್ಟುವ ತೆಳು ಪಟ್ಟಿ, ಅದನ್ನು ಕೂರಿಸುವುದನ್ನು ಕಲಿಸಿದ್ದೂ ಅವರೇ. "ಮೊದಲು ಬಾಯಲ್ಲಿಟ್ಟು ನೆನೆಸು, ಆಮೇಲೆ ಬಿಗಿ ಮಾಡು, ಅವಸರ ಬೇಡ" ಅನ್ನುತ್ತಿದ್ದರು. ಪಾಠ ಮುಗಿದ ಮೇಲೆ ಅಮೆರಿಕದ ಆಲ್ಟೋ ವಾದಕ ಚಾರ್ಲಿ ಪಾರ್ಕರ್ ಕ್ಯಾಸೆಟ್ ಹಾಕೋರು. ಅಜ್ಜ ಈಗಿಲ್ಲ. ಅವರ ಕ್ಯಾಸೆಟ್‌ಗಳು ನನ್ನ ಹತ್ತಿರ ಇವೆ, ಆದರೆ ಬೂಷ್ಟು ಹಿಡಿದು ಅರ್ಧಕ್ಕರ್ಧ ಹಾಳಾಗಿವೆ.

ಈಗ ಫೋನೇ ಗತಿ. ಆ್ಯಪ್‌ನಲ್ಲಿ ಜಾಜ್ ಅಂತ ಹಾಕಿದರೆ ಬರುವುದು ಅದೇ ಏಳೆಂಟು ಆಲ್ಬಮ್. ಮೈಲ್ಸ್ ಡೇವಿಸ್ ಅವರ 1959ರ 'ಕೈಂಡ್ ಆಫ್ ಬ್ಲೂ' ಬಂಗಾರವೇ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಆಗ ಚೆನ್ನಾಗಿ ನುಡಿಸಿಯೂ ಹೆಸರು ಬರದವರು ಎಷ್ಟೋ ಮಂದಿ ಇರಬೇಕು, ಅಲ್ವಾ? ಈಗಿನ ಹುಡುಗ ಹುಡುಗಿಯರು ಏನು ನುಡಿಸುತ್ತಿದ್ದಾರೆ? ಆಲ್ಟೋದವರಿದ್ದರೆ ಇನ್ನೂ ಸಂತೋಷ. ಹುಡುಕುವ ದಾರಿ ಹೇಳಿ.

ಟಿಳಕವಾಡಿ ಅಕ್ಕ

ಅಣ್ಣಾ, ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯ್ತು. ನಾನು ನುಡಿಸುವವಳಲ್ಲ, ಕೇಳುವವಳು. ಕುಮಾರ ಗಂಧರ್ವ ರಂಗಮಂದಿರದ ಕಾರ್ಯಕ್ರಮಗಳಿಗೆ ಹೋಗಿ ಹೋಗಿ ಒಂದು ಅಭ್ಯಾಸ ಬಂತು. ಗಾಯನ ಮುಗಿದ ಮೇಲೆ ಹಾರ್ಮೋನಿಯಂ ಯಾರದು, ತಬಲಾ ಯಾರದು ಅಂತ ಕೇಳುವುದು. ಮುಂದಿನ ಸಲ ಆ ಹಾರ್ಮೋನಿಯಂದವರ ಹೆಸರು ನೋಡಿಯೇ ಹೋಗುವುದು. ಜಾಜ್‌ಗೂ ಅದನ್ನೇ ಮಾಡಿ. ಆಲ್ಬಮ್ ಹಿಡಿದು ಹೋಗಬೇಡಿ, ಸಾಥ್ ಕೊಟ್ಟವರ ಹಿಂದೆ ಹೋಗಿ.

ನನಗೆ ದಾರಿ ತೆರೆದದ್ದು ಆಲಿಸ್ ಕೋಲ್ಟ್ರೇನ್. 1971ರಲ್ಲಿ ಬಂದ 'ಜರ್ನಿ ಇನ್ ಸಚ್ಚಿದಾನಂದ' ಹಾಕಿದೆ. ಮೊದಲ ಹಾಡಿನಲ್ಲೇ ತಂಬೂರಿ! ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿಬಿಟ್ಟೆ. ತಂಬೂರಿಯ ಜೊತೆ ಸೆಸಿಲ್ ಮ್ಯಾಕ್‌ಬೀ ಬೇಸ್‌ನಲ್ಲಿ ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತಾರೆ, ತಬಲಾ ಸೋಲೋಗೆ ಲೆಹರಾ ಕೊಡುತ್ತಾರಲ್ಲ, ಹಾಗೆ. ಅದರ ಮೇಲೆ ಆಲಿಸ್ ಅವರ ಹಾರ್ಪ್ (ಬೆರಳಲ್ಲಿ ಮೀಟುವ ದೊಡ್ಡ ತಂತಿವಾದ್ಯ), ಫರೋವಾ ಸ್ಯಾಂಡರ್ಸ್ ಅವರ ಸೊಪ್ರಾನೋ ಸ್ಯಾಕ್ಸ್. ತವೆಯ ಮೇಲಿನ ರೊಟ್ಟಿ ಸೀದು ಹೋಯ್ತು.

ಜಾಜ್‌ನಲ್ಲಿ ಹಾರ್ಪ್ ಇನ್ಯಾರು ನುಡಿಸಿದ್ದಾರೆ ಅಂತ ಹುಡುಕಿದೆ. ಡೊರೊಥಿ ಆಶ್ಬಿ ಸಿಕ್ಕರು. ಅವರು 1957ರಲ್ಲೇ ಹಾರ್ಪ್ ಹಿಡಿದು ಜಾಜ್ ಆಲ್ಬಮ್ ಮಾಡಿದ್ದರು. 1968ರ 'ಆಫ್ರೋ ಹಾರ್ಪಿಂಗ್' ತಪ್ಪದೆ ಕೇಳಿ. ಇಷ್ಟು ಒಳ್ಳೆಯ ಕಲಾವಿದೆಯ ಹೆಸರನ್ನು ನಾನು ಐವತ್ತು ವರ್ಷ ಕೇಳಿಯೇ ಇರಲಿಲ್ಲ ಅಂತ ಸಂಕಟವಾಯ್ತು. ಅವರಿಂದ ಬ್ರ್ಯಾಂಡಿ ಯಂಗರ್‌ಗೆ ಬಂದೆ. ಇವರು ಈಗಿನವರು. 2023ರ 'ಬ್ರ್ಯಾಂಡ್ ನ್ಯೂ ಲೈಫ್'ನಲ್ಲಿ ಆಶ್ಬಿ ಅವರ ರಚನೆಗಳನ್ನು ನುಡಿಸಿದ್ದಾರೆ. 2025ರ 'ಗ್ಯಾಡಬೌಟ್ ಸೀಸನ್' ನುಡಿಸಿದ್ದು ಆಲಿಸ್ ಕೋಲ್ಟ್ರೇನ್ ಅವರ ಹಾರ್ಪ್ ಮೇಲೆಯೇ, ಅದನ್ನು ರಿಪೇರಿ ಮಾಡಿಸಿ. ಹಳೆಯದು ಹುಡುಕುತ್ತಾ ಹೋದವಳಿಗೆ ಹೊಸಬರು ಸಿಕ್ಕಿದ್ದು ಹೀಗೆ.

ಇನ್ನೊಂದು ದಾರಿ ಬ್ಯಾಂಡ್‌ಕ್ಯಾಂಪ್, ಆಲ್ಬಮ್ ಕೊಳ್ಳುವ ವೆಬ್‌ಸೈಟ್. ದುಡ್ಡು ಕೊಡುವ ಮೊದಲು ಕೇಳಿ ನೋಡಬಹುದು. ಆಲ್ಬಮ್ ಪುಟದಲ್ಲಿ ಅದನ್ನು ಕೊಂಡವರ ಪುಟ್ಟ ಚಿತ್ರಗಳಿರುತ್ತವೆ. ಒಂದನ್ನು ಒತ್ತಿದರೆ ಅವರು ಇನ್ನೇನೇನು ಕೊಂಡಿದ್ದಾರೆ ಅಂತ ಕಾಣುತ್ತದೆ. ನಿಮ್ಮ ರುಚಿಯವರು ಒಬ್ಬರು ಸಿಕ್ಕರೆ ಸಾಕು, ಒಂದು ಮಳೆಗಾಲಕ್ಕೆ ಆಗುವಷ್ಟು ಸಿಗುತ್ತದೆ.

ನವನಗರ, ಬಾಗಲಕೋಟೆ

ಅಕ್ಕಾರು ಹೇಳಿದ್ದು ಸರಿ. ನಾನು ಡಬ್ಬಿಯಲ್ಲಿ ಉಳಿದುಹೋದ ಟೇಪ್‌ಗಳ ಬಗ್ಗೆ ಹೇಳುತ್ತೇನೆ.

1957ರ ನವೆಂಬರ್ 29ರಂದು ಪಿಯಾನೋದ ಥೆಲೋನಿಯಸ್ ಮಂಕ್ ಮತ್ತು ಸ್ಯಾಕ್ಸಿನ ಜಾನ್ ಕೋಲ್ಟ್ರೇನ್ (ಆಲಿಸ್ ಅವರ ಗಂಡ) ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ ಟೇಪ್ ಸಿಕ್ಕಿದ್ದು 2005ರಲ್ಲಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ. ಡಬ್ಬಿಯ ಮೇಲೆ ಕೋಲ್ಟ್ರೇನ್ ಹೆಸರೇ ಇರಲಿಲ್ಲ. ಇನ್ನೊಂದು 'ಪಾಲೋ ಆಲ್ಟೋ'. 1968ರಲ್ಲಿ 16 ವರ್ಷದ ಒಬ್ಬ ವಿದ್ಯಾರ್ಥಿ ಮಂಕ್ ಅವರನ್ನು ತನ್ನ ಶಾಲೆಗೆ ಕರೆಸಿದ. ಶಾಲೆಯ ಕಸಗುಡಿಸುವವರು "ಪಿಯಾನೋ ಶ್ರುತಿ ಮಾಡಿಕೊಡುತ್ತೇನೆ, ರೆಕಾರ್ಡ್ ಮಾಡಲು ಬಿಡು" ಅಂದರು. ಅದು ಆಲ್ಬಮ್ ಆಗಿ ಬಂದದ್ದು 2020ರಲ್ಲಿ. ಆ ಮನುಷ್ಯನ ಕಿವಿಗೆ ಕೈಮುಗಿಯಬೇಕು.

ಟೀನಾ ಬ್ರೂಕ್ಸ್ ಅವರನ್ನೂ ಮರೆಯಬೇಡಿ. ಟೆನರ್ ಸ್ಯಾಕ್ಸ್. ಬ್ಲೂ ನೋಟ್ ರೆಕಾರ್ಡ್ ಕಂಪನಿಗೆ ತಮ್ಮ ಹೆಸರಿನಲ್ಲಿ ನಾಲ್ಕು ಆಲ್ಬಮ್ ನುಡಿಸಿದರು. ಬದುಕಿದ್ದಾಗ ಬಂದದ್ದು ಒಂದೇ, 1960ರ 'ಟ್ರೂ ಬ್ಲೂ'. 1974ರಲ್ಲಿ ತೀರಿಕೊಂಡರು. ಅವರ ಊದು ಜೋರಿಲ್ಲ, ಹತ್ತಿರ ಕೂತು ಮಾತಾಡಿದ ಹಾಗಿರುತ್ತದೆ.

ಗೋಳಗುಮ್ಮಟದ ಓಣಿ, ವಿಜಯಪುರ

ಆಲ್ಟೋ ಕೇಳಿದಿರಲ್ಲ ಅಣ್ಣಾರ, ನಮ್ಮವರಿಂದಲೇ ಶುರು ಮಾಡಿ. ಕದ್ರಿ ಗೋಪಾಲನಾಥ್ ಮತ್ತು ರುದ್ರೇಶ್ ಮಹಾಂತಪ್ಪ ಸೇರಿ ಮಾಡಿದ 'ಕಿನ್ಸ್‌ಮೆನ್', 2008. ಎರಡು ಆಲ್ಟೋ! ಒಂದು ಕರ್ನಾಟಕ ಸಂಗೀತದ್ದು, ಒಂದು ಜಾಜ್. ಹೊಸಬರಲ್ಲಿ ಇಮ್ಯಾನುಯೆಲ್ ವಿಲ್ಕಿನ್ಸ್, 2020ರ 'ಒಮೆಗಾ'. ಅವರ ಮೊದಲ ಆಲ್ಬಮ್ ಅದು. ಜರ್ಮನಿಯ ಇಸಿಎಂ ಕಂಪನಿ 1983ರಲ್ಲಿ ತಂದ 'ಜ್ಯೋತಿ'ಯನ್ನೂ ಹುಡುಕಿ. ಅಮೆರಿಕದ ಸ್ಯಾಕ್ಸ್ ವಾದಕ ಚಾರ್ಲಿ ಮರಿಯಾನೋ ಜೊತೆ ನುಡಿಸಿದ್ದು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರು, ಹಾಡಿದ್ದು ಆರ್.ಎ. ರಮಾಮಣಿ. ನಮ್ಮ ರಾಜ್ಯದಲ್ಲೇ ಎಷ್ಟು ಜನಕ್ಕೆ ಇದು ಗೊತ್ತು?

ಕ್ಯಾಂಪ್ ಸ್ಯಾಕ್ಸ್, ಬೆಳಗಾವಿ

ಎಲ್ಲರಿಗೂ ಕೈಮುಗಿದೆ. ನಿನ್ನೆ ರಾತ್ರಿ 'ಕಿನ್ಸ್‌ಮೆನ್' ಹಾಕಿ, ಸ್ಯಾಕ್ಸ್ ತೊಡೆಯ ಮೇಲಿಟ್ಟುಕೊಂಡು ಕೂತೆ. ಅದರಲ್ಲಿ ಒಂದು ಜಾಗದಲ್ಲಿ ಕದ್ರಿಯವರು ಸ್ವರದಿಂದ ಸ್ವರಕ್ಕೆ ಜಾರುತ್ತಾರೆ, ನಡುವೆ ಸಂದೇ ಇಲ್ಲ. ಹತ್ತು ಸಲ ಹಿಂದಕ್ಕೆ ಹಾಕಿ ಊದಿ ನೋಡಿದೆ. ನನ್ನದು ಮೆಟ್ಟಿಲು ಇಳಿದ ಹಾಗೆ ಕೇಳಿಸುತ್ತದೆ. ತುಟಿ ಸ್ವಲ್ಪ ಸಡಿಲ ಬಿಟ್ಟಾಗ ಒಂದೇ ಒಂದು ಸಲ ಸಮೀಪ ಬಂತು. ಹೆಂಡತಿ ಒಳಗಿನಿಂದ "ಈಗ ಬಂತು ನೋಡ್ರಿ" ಅಂದಳು.

ಅಕ್ಕಾ, ನೀವು ಹೇಳಿದಂತೆ ಸಾಥ್ ನೋಡಿದೆ. ಪಿಟೀಲು ಎ. ಕನ್ಯಾಕುಮಾರಿ, ಮೃದಂಗ ಪೂವಲೂರ್ ಶ್ರೀಜಿ, ಗಿಟಾರ್ ರೆಜ್ ಅಬ್ಬಾಸಿ. ಅಬ್ಬಾಸಿ ಅವರು ಹುಟ್ಟಿದ್ದು ಕರಾಚಿಯಲ್ಲಂತೆ, ಬೆಳೆದದ್ದು ಅಮೆರಿಕದಲ್ಲಿ. ಇವತ್ತು ರಾತ್ರಿ ಅವರ ಸ್ವಂತ ಆಲ್ಬಮ್ ಒಂದನ್ನು ಹಾಕುತ್ತೇನೆ. ಯಾವುದರಿಂದ ಶುರು ಮಾಡಲಿ?