ತಮ್ಮನ ಮೊಣಗಂಟಿನ ಕಾರ್ಟಿಲೇಜ್ ಕಿತ್ತುಹೋಗಿದೆ, ಲ್ಯಾಬಿನಲ್ಲಿ ಬೆಳೆಸಿ ಹಾಕುವುದು ನಿಜವಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮದು ಬದಿಯಡ್ಕದ ಹತ್ತಿರ. ತಮ್ಮನಿಗೆ 29 ವರ್ಷ, ಅಡಿಕೆಗೆ ಮದ್ದು ಬಿಡುವ ಕೆಲಸ. ಹೋದ ಮಳೆಗಾಲದಲ್ಲಿ ಮರದಿಂದ ಜಾರಿ ಬಿದ್ದ. ಈಗ ಮೆಟ್ಟಿಲು ಇಳಿಯುವಾಗ ಗಂಟು ಹಿಡಿದ ಹಾಗಾಗುತ್ತದೆ, ಸಂಜೆಗೆ ಊದುತ್ತದೆ. ಎಂಆರ್‌ಐಯಲ್ಲಿ ಕಾರ್ಟಿಲೇಜ್ ಎಲುಬಿನವರೆಗೆ ಕಿತ್ತುಹೋಗಿದೆ, ಸುಮಾರು 3 ಚದರ ಸೆಂ.ಮೀ. ಅಂತ ಬಂದಿದೆ. ಅವನದೇ ಕಾರ್ಟಿಲೇಜ್ ಬೆಳೆಸಿ ಹಾಕಬಹುದು ಅಂದರು ಮಂಗಳೂರಿನಲ್ಲಿ. ನಿಜವಾ? ಸುಮ್ನೆ ಬಿಟ್ಟರೆ ಗುಣವಾಗುವುದಿಲ್ವಾ?

ಉತ್ತರ (ಮೂಳೆ ಡಾಕ್ಟರ್): ನಿಜ ಅಕ್ಕ. ತಾನಾಗಿ ಗುಣವಾಗುವುದು ಮಾತ್ರ ಕಷ್ಟ. ಕಾರ್ಟಿಲೇಜ್ ಅಂದರೆ ಎಲುಬಿನ ತುದಿಯ ಮೇಲಿನ 2ರಿಂದ 4 ಮಿ.ಮೀ. ದಪ್ಪದ ನುಣುಪು ಪದರ. ಅದಕ್ಕೆ ರಕ್ತನಾಳವೇ ಇಲ್ಲ. ಕೈ ಕೊಯ್ದರೆ ರಕ್ತ ಬಂದು, ಹೆಪ್ಪುಗಟ್ಟಿ, ಚರ್ಮ ಕೂಡಿಕೊಳ್ಳುತ್ತದಲ್ವಾ? ಇಲ್ಲಿ ಆ ಕೆಲಸ ಶುರುವೇ ಆಗುವುದಿಲ್ಲ. ಕ್ಯಾಮೆರಾ ಹಾಕಿ ನೋಡಿದರೆ ಒಳ್ಳೆಯ ಕಾರ್ಟಿಲೇಜ್ ಬೊಂಡದ ತಿರುಳಿನ ಹಾಗೆ ಬೆಳ್ಳಗೆ ಹೊಳೆಯುತ್ತದೆ. ಕಿತ್ತುಹೋದ ಕಡೆ ಅಂಚು ಎಳೆ ಎಳೆಯಾಗಿ, ನಡುವೆ ಎಲುಬು ಕಾಣುತ್ತದೆ.

ಸಣ್ಣ ಗಾಯವಾದರೆ ಎಲುಬಿಗೆ 3-4 ಮಿ.ಮೀ. ಅಂತರದಲ್ಲಿ ತೂತು ಮಾಡಿ ಮಜ್ಜೆಯ ರಕ್ತ ಬರಿಸುತ್ತಾರೆ. ಮೈಕ್ರೋಫ್ರಾಕ್ಚರ್ ಅಂದರೆ ಅದೇ. ಖರ್ಚು ಕಡಿಮೆ. ಆದರೆ ಅಲ್ಲಿ ಬೆಳೆಯುವುದು ನಾರಿನಂಥ ಪದರ, ಮೊದಲಿನಷ್ಟು ಬಾಳಿಕೆ ಇಲ್ಲ. ನಿಮ್ಮ ತಮ್ಮನ ಗಾಯಕ್ಕೆ ನಾನಾದರೆ ಅದನ್ನು ಹೇಳುವುದಿಲ್ಲ. ಅದೇ ಗಂಟಿನ ಭಾರ ಬೀಳದ ಮೂಲೆಯಿಂದ ಎಲುಬು ಸಮೇತ ತುಂಡು ತೆಗೆದು ಕೂರಿಸುವ ಮೊಸಾಯಿಕ್‌ಪ್ಲಾಸ್ಟಿಯೂ ಇದೆ. ಇಷ್ಟು ಜಾಗ ತುಂಬಲು ತುಂಡು ಸಾಲುವುದು ಕಷ್ಟ.

ನಿಮಗೆ ಹೇಳಿದ ಕೋಶ ಬೆಳೆಸುವ ವಿಧಾನ ಹೊಸತೇನಲ್ಲ. ಸ್ವೀಡನ್ನಿನ ಡಾಕ್ಟರುಗಳು 23 ಜನರಿಗೆ ಮಾಡಿ 1994ರಲ್ಲೇ ಫಲಿತಾಂಶ ಪ್ರಕಟಿಸಿದ್ದಾರೆ. ಆಪರೇಷನ್ ಎರಡು. ಮೊದಲನೆಯದರಲ್ಲಿ ಒಳ್ಳೆಯ ಕಾರ್ಟಿಲೇಜಿನಿಂದ 200-300 ಮಿ.ಗ್ರಾಂ.ನಷ್ಟು ಚೂರು ತೆಗೆಯುತ್ತಾರೆ. ಲ್ಯಾಬಿನಲ್ಲಿ ಕೋಶ ಬೆಳೆಯಲು ಕೆಲವು ವಾರ ಬೇಕು. ಆಮೇಲೆ ಗಂಟು ತೆರೆದು ಹಾಕುತ್ತಾರೆ. ಆಗೆಲ್ಲ ಎಲುಬಿನ ಪೊರೆ ಹೊಲಿದು ಅದರ ಕೆಳಗೆ ಕೋಶ ಬಿಡುತ್ತಿದ್ದರು. ಈಗ ಕೊಲಾಜೆನ್ ಅನ್ನುವ ಪ್ರೋಟೀನಿನ ಹಾಳೆಯ ಮೇಲೆ ಕೋಶ ಕೂರಿಸಿ, ಗಾಯದ ಅಳತೆಗೆ ಕತ್ತರಿಸಿ ಅಂಟಿಸುವುದೂ ಇದೆ. ಅಮೆರಿಕದಲ್ಲಿ ಇಂಥ ಹಾಳೆಗೆ 2016ರ ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು.

ಒಂದು ಮರೆಯಬೇಡಿ. ನಿಲ್ಲಿಸಿ, ಸೊಂಟದಿಂದ ಪಾದದವರೆಗೆ ಎಕ್ಸ್‌ರೇ ತೆಗೆಸಿ. ಕಾಲು ಬಾಗಿದ್ದರೆ ಭಾರವೆಲ್ಲ ಒಂದೇ ಬದಿಗೆ ಬೀಳುತ್ತದೆ. ಅದನ್ನು ಸರಿ ಮಾಡದೆ ಹೊಸ ಕಾರ್ಟಿಲೇಜ್ ಹಾಕಿದರೆ ಉಳಿಯುವುದಿಲ್ಲ.

ಪ್ರಶ್ನೆ: ಅಮ್ಮನಿಗೆ 64. ಎರಡೂ ಗಂಟು ಸವೆದಿದೆ. ಅವರಿಗೂ ಇದು ಆಗ್ತದಾ?

ಉತ್ತರ: ಇಲ್ಲ ಅಕ್ಕ. ಅಂಗಳದ ಸಿಮೆಂಟು ಒಂದು ಕಡೆ ಎದ್ದರೆ ತೇಪೆ ಹಾಕಬಹುದು, ಇಡೀ ಅಂಗಳವೇ ಎದ್ದರೆ ಆಗುವುದಿಲ್ಲ. ಅಮ್ಮನಿಗೆ ತೊಡೆಯ ವ್ಯಾಯಾಮ, ತೂಕ ಇಳಿಸುವುದು, ತೀರಾ ಆಗದಿದ್ದರೆ ಗಂಟು ಬದಲಾವಣೆ.

ಪ್ರಶ್ನೆ: ತಮ್ಮ ಮತ್ತೆ ಮರ ಹತ್ತಬಹುದಾ?

ಉತ್ತರ: ಆಪರೇಷನ್ ಆದ ಮೇಲೆ 6-8 ವಾರ ಊರುಗೋಲು. ಆದರೆ ಗಂಟು ಮಡಚುವ ವ್ಯಾಯಾಮ ಬೇಗ ಶುರು ಮಾಡಬೇಕು. ಹೊಸ ಪದರ ಗಟ್ಟಿಯಾಗಲು ಒಂದು ವರ್ಷವಾದರೂ ಬೇಕು. ನೋವಿಲ್ಲ ಅಂತ ನಾಲ್ಕನೇ ತಿಂಗಳಿಗೇ ಕೆಲಸಕ್ಕೆ ಹೋದರೆ ಎಲ್ಲ ಹಾಳು. ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿ ಮರ ಹತ್ತುವಾಗ ಗಂಟು ಪೂರ್ತಿ ಮಡಚಿ, ಮೈಯ ಭಾರವೆಲ್ಲ ಅಲ್ಲೇ ಕೂರುತ್ತದೆ. ಅವನಿನ್ನೂ ಚಿಕ್ಕವನು. ಮದ್ದು ಬಿಡುವುದನ್ನು, ಕೊಯ್ಲನ್ನು ನೆಲದಲ್ಲೇ ನಿಂತು ಫೈಬರ್ ದೋಟಿಯಲ್ಲಿ ಮಾಡುವವರು ಈಗ ನಮ್ಮ ಕಡೆ ಜಾಸ್ತಿ ಇದ್ದಾರೆ. ಈ ಒಂದು ವರ್ಷದಲ್ಲಿ ಅದನ್ನು ಕಲಿಯಲು ಹೇಳಿ.